ಕ್ಷಮಿಸದ ಸಿಸ್ಟರ್

ಚರ್ಚಿನ ಸಿಸ್ಟರ್ ತೀರಿಕೊಂಡ ಸುದ್ದಿ ಬಂದ ವಾರ ಗಂಗಾವತಿಯಲ್ಲಿ ಒಂದು ಶ್ರದ್ಧಾಂಜಲಿ ಸಭೆ ನಡೆಯಿತು. ಮಾತಾಡಿದವರೆಲ್ಲ ಒಂದೇ ಪದಕ್ಕೆ ಜೋತುಬಿದ್ದಿದ್ದರು: ಕ್ಷಮಾಮೂರ್ತಿ. ಮೊದಲನೆಯವರು ಅಂದರು. ಎರಡನೆಯವರು ಅವರ ಬಾಯಿಂದ ಎತ್ತಿಕೊಂಡರು. ಮೂರನೆಯವರು ಅದರ ಮುಂದೆ 'ಸಾಕ್ಷಾತ್' ಸೇರಿಸಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನಾನು ಹಲ್ಲು ಕಡಿಯುತ್ತಿದ್ದೆ.

ಆ ಮೂರನೆಯವರು ಊರಿನ ದೊಡ್ಡ ಭತ್ತದ ವ್ಯಾಪಾರಿ. ಸಿಸ್ಟರ್ ಹೆಣ್ಣುಮಕ್ಕಳ ತಲೆ ಕೆಡಿಸುತ್ತಾಳೆ, ಮತಾಂತರ ಮಾಡುತ್ತಾಳೆ ಎಂದು ಒಂದು ಕಾಲದಲ್ಲಿ ಊರೆಲ್ಲ ಡಂಗುರ ಹೊಡೆದವರು ಇವರೇ. ಈಗ ಫೋಟೋಕ್ಕೆ ಹಾರ ಹಾಕಿ, ಕಣ್ಣು ಮುಚ್ಚಿ ಕೈ ಮುಗಿದು ನಿಂತರು. ಸತ್ತವರು ಎದ್ದು ಬಂದು ಉತ್ತರ ಕೊಡುವುದಿಲ್ಲ ಎಂಬ ಧೈರ್ಯ. ಅವರು ಕೊಡದಿದ್ದರೆ ನಾನು ಕೊಡುತ್ತೇನೆ. ನಾನಿನ್ನೂ ಬದುಕಿದ್ದೇನೆ.

ಆದ್ದರಿಂದ ಈ ಬರಹವನ್ನು ಭಕ್ತಿಯಿಂದ ಬರೆದದ್ದು ಎಂದು ಯಾರೂ ತಿಳಿಯಬಾರದು. ಸಿಟ್ಟಿನಿಂದ ಬರೆಯುತ್ತಿದ್ದೇನೆ. "ಸಿಟ್ಟು ಬಂದ್ರ ಸಿಟ್ಟು ಬಂದೈತಿ ಅನ್ನಬೇಕು, ತಲಿನೋವು ಅನ್ನಬಾರ್ದು" ಎಂದು ಕಲಿಸಿದವರು ಅವರೇ. ನಮ್ಮ ಸಿಸ್ಟರ್ ಕ್ಷಮಾಮೂರ್ತಿ ಆಗಿರಲಿಲ್ಲ. ಒಬ್ಬ ಮನುಷ್ಯನನ್ನು ಅವರು ಕೊನೆಯ ತನಕ ಕ್ಷಮಿಸಲಿಲ್ಲ. ಕ್ಷಮಿಸದೆ ಇದ್ದುಕೊಂಡೇ ನನ್ನಂಥ ಎಷ್ಟೋ ಹೆಣ್ಣುಮಕ್ಕಳನ್ನು ಬದುಕಿಸಿದರು. ಸಿಸ್ಟರ ಹೆಸರು ಬರೆಯುವುದಿಲ್ಲ. ತಮ್ಮ ಹೆಸರು ಎಲ್ಲಿಯಾದರೂ ಅಚ್ಚಾದರೆ ಅವರಿಗೆ ಮೈ ಉರಿಯುತ್ತಿತ್ತು.

ನನ್ನ ವಿಷಯ ಬಿಟ್ಟು ಅವರ ವಿಷಯ ಹೇಳಲು ಬರುವುದಿಲ್ಲ, ಹಾಗಾಗಿ ಅದನ್ನು ಮೊದಲು ಹೇಳಿ ಮುಗಿಸುತ್ತೇನೆ. ನನ್ನ ತವರು ಗಂಗಾವತಿ ಹತ್ತಿರದ ಮರಳಿ ಎಂಬ ಊರು. ಕಾಲುವೆ ನೀರು, ಭತ್ತದ ಗದ್ದೆ, ಎರಡು ಹೊತ್ತೂ ಅನ್ನ ಉಣ್ಣುವ ಮಂದಿ. ಕೊಪ್ಪಳ ಹೊಸ ಜಿಲ್ಲೆಯಾದ ವರ್ಷ ನನ್ನನ್ನು ಯಲಬುರ್ಗಾ ಕಡೆಯ ಒಂದು ಹಳ್ಳಿಗೆ ಕೊಟ್ಟರು. ಕಪ್ಪು ನೆಲ, ಜೋಳದ ರೊಟ್ಟಿ, ಬಾಯಿ ಬಿಚ್ಚದ ಗಂಡ, ಬಾಯಿ ಮುಚ್ಚದ ಅತ್ತೆ. ಅತ್ತೆ ಒಮ್ಮೆಯೂ ಕೈ ಎತ್ತಲಿಲ್ಲ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಅವರ ಬಲವೆಲ್ಲ ನಾಲಿಗೆಯಲ್ಲಿತ್ತು. ನನ್ನ ರೊಟ್ಟಿ ಹರಿದರೆ "ನಿಮ್ಮವ್ವ ಬರೇ ಅನ್ನಾ ಕುದಸೂದು ಕಲಿಸ್ಯಾಳ" ಎನ್ನುವರು. ರೊಟ್ಟಿ ಸರಿಯಾಗಿ ಬಂದರೆ "ಇವತ್ತೇನು, ಯಾರರ ನೋಡಾಕ ಬರಾವ್ರದಾರೇನು?" ಎನ್ನುವರು. ನಾನು ಒಂದಕ್ಕೂ ಎದುರು ಮಾತಾಡಲಿಲ್ಲ. ಸೆರಗು ಹೊದ್ದು, ತಲೆ ತಗ್ಗಿಸಿ, ಒಲೆ ಊದುತ್ತಿದ್ದೆ.

ಒಂದು ಸಂತೆಯ ದಿನ ಯಲಬುರ್ಗಾದಲ್ಲಿ ಮೆಣಸಿನಕಾಯಿ ಮಾರುವವರ ನಡುವೆ ನನ್ನ ಎದೆ ಹೊಡೆದುಕೊಳ್ಳಲು ಶುರುವಾಯಿತು. ಕೈ ಜೋಮು ಹಿಡಿದವು, ಬಾಯಿ ಒಣಗಿತು, ಉಸಿರು ಒಳಗೆ ಹೋಗಲೊಲ್ಲದು. ಸಾಯುತ್ತಿದ್ದೇನೆ ಅಂದುಕೊಂಡು ನೆಲಕ್ಕೆ ಕೂತುಬಿಟ್ಟೆ. ಸಾಯಲಿಲ್ಲ. ಆದರೆ ಅದು ಮತ್ತೆ ಬಂತು. ಒಲೆಯ ಮುಂದೆ ಬಂತು, ನೀರಿನ ಸರದಿಯಲ್ಲಿ ನಿಂತಾಗ ಬಂತು, ಗುಡಿಯಲ್ಲಿ ಬಂತು. ಯಾವಾಗ ಬರುತ್ತದೋ ಎಂಬ ಹೆದರಿಕೆಯೇ ಅದನ್ನು ಕರೆದುಕೊಂಡು ಬರತೊಡಗಿತು. ಅತ್ತೆ ಗಾಳಿ ಸೋಕಿದೆ ಅಂದರು. ತಾಯತ ಕಟ್ಟಿಸಿದರು, ಒಣಮೆಣಸಿನಕಾಯಿ ಹೊಗೆ ಹಾಕಿಸಿದರು. ಹೊಗೆಗೆ ಕೆಮ್ಮಿ ಕೆಮ್ಮಿ ಸತ್ತಂತಾದೆನೇ ಹೊರತು ಎದೆ ಹೊಡೆದುಕೊಳ್ಳುವುದು ನಿಲ್ಲಲಿಲ್ಲ.

ಕೊನೆಗೆ ಅತ್ತೆ ನನ್ನ ಅಪ್ಪನನ್ನು ಕರೆಸಿ, ನನ್ನನ್ನು ಓಣಿಯ ನಡುವೆ ನಿಲ್ಲಿಸಿ, ಮಂದಿಯೆಲ್ಲ ಕೇಳುವ ಹಾಗೆ ಕೂಗಿದರು. "ಹುಚ್ಚಿನ್ನ ಕಟ್ಟ್ಯಾರ ನಮ್ಮ ಕೊರಳಿಗಿ! ಒಯ್ರಿ ನಿಮ್ಮ ಹುಚ್ಚಿನ್ನ!" ಗಂಡ ಎನ್ನುವ ಪ್ರಾಣಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡ. ವರ್ಷ ತುಂಬುವುದರೊಳಗೆ ಅವನಿಗೆ ಮತ್ತೊಂದು ಮದುವೆಯಾಯಿತು. ಮರಳಿಯಲ್ಲಿ 'ಹುಚ್ಚಿ' ಎಂಬ ಹೆಸರು ನನಗಿಂತ ಮೊದಲೇ ಬಂದು ಕೂತಿತ್ತು.

ಆವತ್ತಿನಿಂದ ನನಗೆ ಬದುಕುವುದಕ್ಕೆ ಒಂದೇ ಕಾರಣ ಉಳಿಯಿತು. ಆ ಬಾಯಿಂದಲೇ, ಮಂದಿ ಮುಂದೆ, 'ನೀ ಹುಚ್ಚಿ ಅಲ್ಲ' ಎಂದು ಹೇಳಿಸಬೇಕು. ಅಲ್ಲಿಯವರೆಗೆ ನಾನು ಸಾಯುವುದಿಲ್ಲ, ಅತ್ತೆಯೂ ಸಾಯಕೂಡದು.

ಹೇಳಿಸುವ ದಾರಿ ಗೊತ್ತಿಲ್ಲದೆ ದಿನಾ ಬೆಳಿಗ್ಗೆ ಕಾಲುವೆ ದಂಡೆಗೆ ಹೋಗಿ ಶಾಪ ಹಾಕುತ್ತಿದ್ದೆ. ಹಿಡಿ ಮಣ್ಣು ತೂರುವುದು, ನೆಟಿಗೆ ಮುರಿಯುವುದು, ವಂಶ ಹಿಡಿದು ಬೈಯುವುದು. ಒಂದು ದಿನ ಹಾಗೆ ಮಣ್ಣು ತೂರುತ್ತಿರುವಾಗ ಹಿಂದಿನಿಂದ ಮಾತು ಕೇಳಿಸಿತು.

"ಯಾರಿಗವ್ವಾ ಇಷ್ಟ ಜೋರಿಲೆ?"

ತಿರುಗಿದೆ. ಮೊಪೆಡ್ ನಿಲ್ಲಿಸಿಕೊಂಡು ಒಬ್ಬ ಹೆಂಗಸು ನಿಂತಿದ್ದರು. ಬೂದುಬಣ್ಣದ ನೂಲಿನ ಸೀರೆ, ಕೊರಳಲ್ಲಿ ಕಟ್ಟಿಗೆಯ ಶಿಲುಬೆ, ದಪ್ಪ ಗಾಜಿನ ಕನ್ನಡಕ.

"ನಮ್ಮತ್ತಿಗಿ" ಅಂದೆ. ನಾಚಿಕೆಯಾಗಲಿಲ್ಲ.

"ಯಾವೂರಾಕಿ?"

"ಯಲಬುರ್ಗಾ ಕಡ್ಯಾಕಿ."

"ಯಲಬುರ್ಗಾ ನಿನ್ನ ಬೆನ್ನ ಹಿಂದ ಐತಿ. ನೀ ಸಿಂಧನೂರಿನವ್ರಿಗೆ ಶಾಪಾ ಹಾಕಾಕತ್ತಿ. ಪಾಪ, ಅವ್ರೇನ ಮಾಡ್ಯಾರ ನಿನಗ?"

ಎಷ್ಟೋ ತಿಂಗಳ ಮೇಲೆ ನಾನು ನಕ್ಕಿದ್ದು ಆವತ್ತೇ. ಅವರು ನಗಲಿಲ್ಲ. ನನ್ನ ತೋಳಲ್ಲಿದ್ದ ತಾಯತಗಳ ಗೊಂಚಲನ್ನೂ, ಎದೆ ಒತ್ತಿ ಹಿಡಿದಿದ್ದ ನನ್ನ ಎಡಗೈಯನ್ನೂ ನೋಡಿದರು. "ಎದಿ ಹೊಡಕೋತೈತೇನು?" ಎಂದು ಕೇಳಿದರು. ಹೌದೆಂದೆ. "ಗುರುವಾರ ಗಂಗಾವತಿಗೆ ಬಾ. ಚರ್ಚಿನ ಹಿಂದ ನನ್ನ ಕೋಣಿ ಐತಿ. ತಾಯತಾ ಬಿಚ್ಚಬ್ಯಾಡ, ಇರ್ಲಿ. ಜಗಳಾಡಾಕ ನನಗ ಟೈಮಿಲ್ಲ" ಎಂದು ಮೊಪೆಡ್ ಏರಿ ಹೋದರು.

ಸಿಸ್ಟರ್ ಅಂದರೆ ಕೇರಳದಿಂದ ಬಂದವರು, ಕನ್ನಡವನ್ನು ಕುಂಟಿಸಿ ಮಾತಾಡುತ್ತಾರೆ ಅಂದುಕೊಂಡಿದ್ದೆ. ಇವರ ಭಾಷೆ ನಮ್ಮದಕ್ಕಿಂತ ಗಟ್ಟಿ. ಮುದಗಲ್ ಕಡೆಯವರು. ಅಲ್ಲಿ ತಲೆತಲಾಂತರದಿಂದ ಹೊಲ ಉಳುವ ಕ್ರೈಸ್ತರಿದ್ದಾರೆ ಎಂಬುದು ನನಗೆ ಗೊತ್ತಿರಲಿಲ್ಲ. "ನಮ್ಮಪ್ಪ ಯೇಸುಸ್ವಾಮಿಗೆ ಕೈ ಮುಗದ ಕೂರಿಗಿ ಹೂಡತಿದ್ದ. ಮಳಿ ಬರಲಿಲ್ಲಂದ್ರ ಅವನಿಗೂ ಬೈತಿದ್ದ" ಎನ್ನುತ್ತಿದ್ದರು. ಸಿಸ್ಟರ್ ಆದ ಮೇಲೆ ಹಟ ಹಿಡಿದು ಮನಶ್ಶಾಸ್ತ್ರ ಓದಿಕೊಂಡು ಬಂದಿದ್ದರು. ಅಂಜಿಕೆ ಎಂದು ಬಂದವರನ್ನು ಮೊದಲು ಹೊಸಪೇಟೆಯ ಒಬ್ಬ ಡಾಕ್ಟರ ಹತ್ತಿರ ಕಳಿಸಿ, ಎದೆ ಗಟ್ಟಿ ಇದೆಯೆಂದು ಖಾತ್ರಿ ಮಾಡಿಕೊಂಡು, ಆಮೇಲೆ ತಮ್ಮ ಕೋಣೆಗೆ ಕರೆಯುತ್ತಿದ್ದರು. ಗುಳಿಗೆ ಬೇಕಾದವರಿಗೆ ಗುಳಿಗೆ ಬರೆಸುತ್ತಿದ್ದರು. "ಗುಳಿಗಿನೂ ತಗೋ, ಪ್ರಾರ್ಥನಾನೂ ಮಾಡು. ಅವೇನು ಸವತ್ಯಾರಲ್ಲ, ಜಗಳಾಡಂಗಿಲ್ಲ."

ಸಂತರ ಚಿತ್ರಗಳಲ್ಲಿರುವ ಮೃದುತ್ವ ಅವರಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಮೊಪೆಡ್ಡಿಗೆ ಅಡ್ಡ ಬಂದ ಎಮ್ಮೆಗೂ ಬೈಯುವರು, ಎಮ್ಮೆಯ ಧಣಿಗೂ ಬೈಯುವರು. ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ಎಂದರೆ ಪ್ರಾಣ. ಈಸ್ಟರಿಗೆ ಮುಂಚೆ ಬರುವ ತಪಸ್ಸುಕಾಲದಲ್ಲಿ ಮಿರ್ಚಿ ಬಿಡುವ ಹರಕೆ ಹೊರುತ್ತಿದ್ದರು. ಆ ದಿನಗಳಲ್ಲಿ ಅವರ ಹತ್ತಿರ ಸುಳಿಯಲು ಪಾದ್ರಿಗಳೂ ಹೆದರುತ್ತಿದ್ದರು. 'ಸಮಾಧಾನ ಮಾಡ್ಕೋ' ಎಂಬ ಮಾತು ಕಿವಿಗೆ ಬಿದ್ದರೆ ಅವರಿಗೆ ಆಗುತ್ತಿರಲಿಲ್ಲ. "ಹಂಗನ್ನಾವ್ರಿಗೆ ನಿನ್ನ ಎದಿ ಒಂದಿನ ಬದ್ಲಿ ಕೊಡು. ಹೊತ್ಕೊಂಡು ಅಡ್ಡಾಡ್ಲಿ, ಗೊತ್ತಾಕ್ಕೈತಿ."

ಕ್ರೈಸ್ತರು ಪಾಪನಿವೇದನೆ ಮಾಡುತ್ತಾರೆ, ಮಾಡಿದ ಮೇಲೆ ಮನಸ್ಸು ಹಗುರಾಗುತ್ತದೆ ಎಂದು ಯಾರೋ ಹೇಳಿದ್ದರು. ಎರಡನೆಯ ಗುರುವಾರವೋ ಏನೋ, ನನಗೂ ಅದನ್ನು ಮಾಡಿಸಿರಿ ಎಂದು ಕೇಳಿದೆ. ಅದು ಪಾದ್ರಿ ಗುರುಗಳ ಕೆಲಸ, ದೀಕ್ಷಾಸ್ನಾನ ಪಡೆದು ಕ್ರೈಸ್ತರಾದವರಿಗೆ ಇರುವಂಥದ್ದು ಎಂದರು. "ಪಾಪಾ ಕಳ್ಯೂ ಅಧಿಕಾರ ನನಗಿಲ್ಲ. ಕಿವಿ ಅದಾವ. ಹೇಳು" ಎಂದು ಕೂತರು. ನಾನು ಕಣ್ಣು ಮುಚ್ಚಿ ಒಂದೊಂದಾಗಿ ಹೇಳಿದೆ: ರೊಟ್ಟಿಯ ಬಗ್ಗೆ ಅಂದದ್ದು, ತವರಿನ ಬಗ್ಗೆ ಅಂದದ್ದು, ಮೆಣಸಿನಕಾಯಿ ಹೊಗೆ, ಓಣಿಯಲ್ಲಿ ಕೂಗಿದ್ದು. ಗಂಟಲು ಒಣಗುವ ತನಕ ಹೇಳಿದೆ. ಸಿಸ್ಟರ್ ಪೂರಾ ಕೇಳಿಸಿಕೊಂಡರು. "ಛಲೋ ಆತು. ನಿಮ್ಮತ್ತಿ ಪಾಪದ ನಿವೇದನಿ ಮುಗೀತು. ನಿನ್ನವು ಏನರ ಅದಾವೇನು?" ಅಂದರು. ನನ್ನವೂ ಇರಬೇಕಿತ್ತು ಎಂಬುದು ನನಗೆ ಹೊಳೆದೇ ಇರಲಿಲ್ಲ. ಈಗಲೂ ಅಷ್ಟಾಗಿ ಹೊಳೆಯುವುದಿಲ್ಲ.

ಅವರ ಕೋಣೆಯಲ್ಲಿ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಇತ್ತು. ಅದರಲ್ಲಿ ಯಾರನ್ನೂ ಕೂಡಿಸುತ್ತಿರಲಿಲ್ಲ. ಒಂದು ಗುರುವಾರ ಅದನ್ನು ಎಳೆದು ನನ್ನ ಎದುರಿಗೆ ಹಾಕಿದರು. ಖಾಲಿ ಕುರ್ಚಿಗೆ ಮಾತಾಡಿಸುವುದು ಮನಶ್ಶಾಸ್ತ್ರದವರ ಒಂದು ಮದ್ದು ಎಂದು ವಿವರಿಸಿದರು. "ಇದರಾಗ ನಿಮ್ಮತ್ತಿ ಕುಂತಾಳ ಅಂತ ತಿಳಕೋ. ಮನಸಿನ್ಯಾಗ ಇದ್ದದ್ದೆಲ್ಲಾ ಅಕಿಗೆ ಅಂದುಬಿಡು. ಯಾರೂ ಕೇಳಾಂಗಿಲ್ಲ."

ಇದಕ್ಕಾಗಿಯೇ ಕಾದಿದ್ದೆ. ಕಾಲುವೆ ದಂಡೆಯ ಮೇಲೆ ಇಷ್ಟು ದಿನ ತಾಲೀಮು ಮಾಡಿದ್ದೆ. ಆದರೆ ಸಿಸ್ಟರ್ 'ಅತ್ತಿ' ಅಂದದ್ದೇ ತಡ, ನಾನು ಎದ್ದು ನಿಂತೆ. ಕೈ ತಾನಾಗಿ ಸೆರಗು ಎಳೆದು ತಲೆ ತುಂಬ ಹೊದ್ದಿತು. ಅತ್ತೆ ಮೇಲೆ ಕೂತಾಗ ಸೊಸೆ ಸಮಕ್ಕೆ ಕೂಡಬಾರದಲ್ಲ, ನನ್ನ ಕುರ್ಚಿ ಬಿಟ್ಟು ಬರೀ ನೆಲದ ಮೇಲೆ ಮಂಡಿ ಮಡಿಚಿ ಕೂತೆ. ಬಾಯಿ ತೆರೆದೆ.

"ಅತ್ತೀರಿ, ಚಾ ಮಾಡ್ಲೇನ್ರಿ?"

ಸಿಸ್ಟರ್ ಕನ್ನಡಕ ತೆಗೆದು ನಕ್ಕರು. ಗೋಡೆ ಹಿಡಿದುಕೊಂಡು ನಕ್ಕರು. ನನಗೂ ನಗು ಬಂತು, ನಗುತ್ತ ನಗುತ್ತ ಅದು ಅಳುವಾಯಿತು, ನಿಲ್ಲಿಸಲಾಗಲಿಲ್ಲ. ಆಗ ಅವರು ನೆಲಕ್ಕೆ ಬಂದು ನನ್ನ ಪಕ್ಕ ಕೂತರು.

"ನೋಡು ತಂಗಿ, ಇಲ್ಲೈತಿ ನಿನ್ನ ಜಡ್ಡು. ನಿಂದು ಅಂಜಿಕಿ ಅಂತ ಎಲ್ಲಾರೂ ತಿಳದಾರ. ಅಂಜಿಕಿ ತೆಳಗ ಸಿಟ್ಟು ಕುಂತೈತಿ. ಅದಕ್ಕ ಹೊರಗ ಬರಾಕ ಪರವಾನಗಿ ಇಲ್ಲ. ಅದಕ್ಕ ಅಂಜಿಕಿ ವೇಷಾ ಹಾಕ್ಕೊಂಡು ಬಂದು ನಿನ್ನ ಎದಿ ಬಡೀತೈತಿ. ಸಿಂಧನೂರಿನ ಕಡೆ ಮಾರಿ ಮಾಡಿ ಶಾಪಾ ಹಾಕ್ತಿ, ಖಾಲಿ ಕುರ್ಚಿ ಮುಂದ ಸೆರಗು ಹೊದೀತಿ."

ಆ ಜಡ್ಡು ಒಂದೇ ದಿನಕ್ಕೆ ಹೋಗಲಿಲ್ಲ. ಮೊದಲು ಸೆರಗು ತಲೆಯಿಂದ ಇಳಿಯಿತು. ಆಮೇಲೆ ಕುರ್ಚಿಯ ಮೇಲೆ ಸಮಕ್ಕೆ ಕೂಡಲು ಕಲಿತೆ. ಬಾಯಿಂದ ದನಿ ಬರಲು ಮಳೆಗಾಲ ಕಳೆಯಿತು. ಬಂದ ದಿನ ಎಂಥ ದನಿ ಬಂತೆಂದರೆ ಚರ್ಚಿನ ಅಂಗಳ ಗುಡಿಸುತ್ತಿದ್ದ ಮುದುಕ ಏನಾಯಿತೆಂದು ಓಡಿಬಂದ. ಸಿಸ್ಟರ್ ಅವನನ್ನು ಆಚೆ ಕಳಿಸಿ ಕಿಟಕಿ ಮುಚ್ಚಿದರು. "ಒದರು, ಒದರು, ನಿಂದ್ರಸಬ್ಯಾಡ" ಅಂದರು. ಎದೆ ಆವತ್ತೂ ಹೊಡೆದುಕೊಂಡಿತು. ಆದರೆ ಸಾಯುತ್ತೇನೆ ಅನಿಸಲಿಲ್ಲ. ಸಿಟ್ಟು ಬಂದವರ ಎದೆ ಹೊಡೆದುಕೊಳ್ಳುವುದು ಲೋಕರೂಢಿ ಎಂದು ಮೊದಲ ಸಲ ತಿಳಿಯಿತು.

ಕೋಣೆಯ ಕೆಲಸ ಮುಗಿದ ಮೇಲೆ ಬಸ್ಸಿನ ಹೊತ್ತಿನವರೆಗೆ ನಾನು ಅವರ ಪ್ರಾರ್ಥನೆಯ ಮನೆಯಲ್ಲಿ ಹಿಂದೆ ಕೂಡುತ್ತಿದ್ದೆ. ಅಲ್ಲಿ ಗೋಡೆಗೆ ಒಂದು ಚಿತ್ರವಿತ್ತು. ಬಂಡೆಯೊಂದಕ್ಕೆ ಮೊಣಕೈ ಊರಿ ಯೇಸುಸ್ವಾಮಿ ಮಂಡಿಯೂರಿದ್ದ, ಹಣೆಯಿಂದ ಬೆವರು ಇಳಿಯುತ್ತಿತ್ತು.

"ಅವ್ರು ಯಾಕ ಬೆವತಾರ್ರಿ?" ಎಂದು ಕೇಳಿದೆ.

"ಅಂಜ್ಯಾನ."

"ದೇವ್ರು ಅಂಜತಾನೇನ್ರಿ?"

"ಮರುದಿನ ಕೊಲ್ಲತಾರ ಅಂತ ಗೊತ್ತಿತ್ತು. ಬೆವತಾನ, ನಡಗ್ಯಾನ, ಇದು ಬ್ಯಾಡಪ್ಪಾ ನನಗ ಅಂದಾನ. ಜೋಡಿ ಇದ್ದವ್ರನ್ನ ಎಬ್ಬಿಸಾಕ ಹೋದ್ರ ಅವ್ರು ಗೊರಕಿ ಹೊಡ್ಯಾಕತ್ತಿದ್ರು."

"ಅವ್ರಿಗೆ ಯಾರೂ ಹುಚ್ಚ ಅನ್ನಲಿಲ್ಲೇನ್ರಿ?"

"ಅಂದ್ರು. ಎಲ್ಲಾರಕಿಂತ ಮೊದ್ಲ ಮನಿಯವ್ರ ಅಂದ್ರು."

ರಾಕ್ಷಸರನ್ನು ಸೀಳುವ ದೇವರನ್ನು ನೋಡಿದ್ದೆ, ವಿಷ ಕುಡಿದು ಅರಗಿಸಿಕೊಂಡ ದೇವರನ್ನು ನೋಡಿದ್ದೆ. ಅಂಜಿದ ದೇವರನ್ನು ನೋಡಿರಲಿಲ್ಲ. ನನ್ನ ಹಾಗೆ ಕೈಕಾಲು ನಡುಗಿದವನೊಬ್ಬ, ನನ್ನ ಹಾಗೆ ಮನೆಯವರಿಂದ ಹುಚ್ಚ ಅನಿಸಿಕೊಂಡವನೊಬ್ಬ, ಗೋಡೆಯ ಮೇಲಿದ್ದಾನೆ, ಅವನಿಗೆ ಮಂದಿ ದೀಪ ಹಚ್ಚುತ್ತಾರೆ. ಆ ಚಿತ್ರದ ಮುಂದೆ ನನಗೆ ಸಿಕ್ಕ ನೆಮ್ಮದಿ ಅದಕ್ಕೆ ಮೊದಲು ಎಲ್ಲಿಯೂ ಸಿಕ್ಕಿರಲಿಲ್ಲ. ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ನಾನು ಅವರ ಮತಕ್ಕೆ ಸೇರಲಿಲ್ಲ, ಸಿಸ್ಟರ್ ಒಮ್ಮೆಯೂ ಸೇರು ಅನ್ನಲಿಲ್ಲ. ನಾನು ನನ್ನ ಇಷ್ಟಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂಡುತ್ತಿದ್ದೆ, ಅವರು ಪಕ್ಕದಲ್ಲಿ ಜಪಮಾಲೆ ಹಿಡಿದು ಕೂಡುತ್ತಿದ್ದರು. ಮಾತಿಲ್ಲದೆ ಇಬ್ಬರ ಉಸಿರೂ ಒಂದು ಲಯಕ್ಕೆ ಬರುತ್ತಿತ್ತು.

ಭತ್ತದ ವ್ಯಾಪಾರಿ ಮತಾಂತರದ ಡಂಗುರ ಶುರು ಮಾಡಿದ್ದು ಆ ದಿನಗಳಲ್ಲೇ. ಕಾನ್ವೆಂಟಿನ ಉಳಿದ ಸಿಸ್ಟರುಗಳೆಲ್ಲ ಸುಮ್ಮನಿರೋಣ, ದೇವರಿದ್ದಾನೆ ಎಂದರಂತೆ. ಸಿಸ್ಟರ್ ನನ್ನನ್ನು ಮೊಪೆಡ್ಡಿನ ಹಿಂದೆ ಕೂಡಿಸಿಕೊಂಡು ನೆಟ್ಟಗೆ ಅವರ ಅಂಗಡಿಗೆ ಹೋದರು. ಗಿರಾಕಿಗಳ ಮುಂದೆಯೇ ಕೇಳಿದರು.

"ಯಾರನ್ನ ಮಾಡೀನ್ರಿ ಮತಾಂತರ? ಒಂದ ಹೆಸರು ಹೇಳ್ರಿ ಸಾಹುಕಾರ್ರ. ಈಕಿನ್ನ ನೋಡ್ರಿ. ನನ್ನ ಕಡೆ ಬರಾಕತ್ತ ಮ್ಯಾಲ ಈಕಿ ಹಣಿಮ್ಯಾಲಿನ ಈಭೂತಿ ಇನ್ನೂ ದಪ್ಪ ಆಗೈತಿ."

ಸಾಹುಕಾರರು ತಿರುಗಿ ತಕ್ಕಡಿಗೆ ಭತ್ತ ಸುರಿಯತೊಡಗಿದರು. ಗಿರಾಕಿಗಳು ಮುಸಿಮುಸಿ ನಕ್ಕರು. ವಾಪಸ್ ಬರುವಾಗ ಸಿಸ್ಟರ್ ಮಿರ್ಚಿ ತಿನ್ನಿಸಿದರು. "ನಾಳೆ ಇದನ್ನ ಪಾಪನಿವೇದನ್ಯಾಗ ಹೇಳಬೇಕು. ಆದ್ರ ಇವತ್ತಿಗೆ ಭಾಳ ಛಲೋ ಅನಸಾಕತ್ತೈತಿ" ಅಂದರು. ಸಭೆಯಲ್ಲಿ ಹಾರ ಹಾಕುವಾಗ ಸಾಹುಕಾರರಿಗೆ ಆ ಮಧ್ಯಾಹ್ನ ನೆನಪಾಯಿತೋ ಇಲ್ಲವೋ. ಮರೆತಿದ್ದರೆ ಇಲ್ಲಿ ಓದಿಕೊಳ್ಳಲಿ.

ಇನ್ನು ಕ್ಷಮೆಯ ವಿಷಯಕ್ಕೆ ಬರುತ್ತೇನೆ. ಸಂಜೆಯ ಪ್ರಾರ್ಥನೆಯಲ್ಲಿ ಅವರೆಲ್ಲ ಪರಲೋಕ ಮಂತ್ರ ಎಂಬುದನ್ನು ಒಟ್ಟಿಗೆ ಹೇಳುತ್ತಾರೆ. ಅದರಲ್ಲಿ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ ಹಾಗೆ ನಮ್ಮನ್ನೂ ಕ್ಷಮಿಸು ಎಂಬ ಅರ್ಥದ ಮಾತೊಂದು ಬರುತ್ತದೆ. ಎಲ್ಲರಿಗಿಂತ ಎತ್ತರದ ದನಿ ಸಿಸ್ಟರದೇ. ಆದರೆ ಆ ಮಾತು ಬಂದ ಕೂಡಲೇ ಅವರ ದನಿ ನಿಂತುಬಿಡುತ್ತಿತ್ತು. ತುಟಿ ಬಿಗಿದು ಮುಚ್ಚಿಕೊಳ್ಳುತ್ತಿದ್ದರು. ಅದು ದಾಟಿದ ಮೇಲೆ ಮತ್ತೆ ಸೇರಿಕೊಳ್ಳುತ್ತಿದ್ದರು. ಮೊದಲು ಕೆಮ್ಮು ಅಂದುಕೊಂಡೆ. ದಿನಾ ಅದೇ ಜಾಗಕ್ಕೆ ಕೆಮ್ಮು ಬರುವುದಿಲ್ಲವಲ್ಲ. ಒಂದು ದಿನ ಕೇಳಿಯೇಬಿಟ್ಟೆ.

"ಸುಳ್ಳು ಹೇಳಬಾರ್ದು" ಅಂದರು. "ಮಂದಿ ಮುಂದ ಹೇಳಿದ್ರ ಹೆಂಗೋ ನಡೀತೈತಿ. ದೇವ್ರ ಮುಂದ ನಡ್ಯಂಗಿಲ್ಲ."

ಅವರಿಗೊಬ್ಬಳು ತಂಗಿ ಇದ್ದಳು. ಮದುವೆಯಾಗಿ ಹೋದ ಮನೆಯಲ್ಲಿ ಅವಳಿಗೆ ನನ್ನದೇ ಜಡ್ಡು ಹತ್ತಿತು. ಗಂಡ ದೆವ್ವ ಬಿಡಿಸುತ್ತೇನೆಂದು ದನದ ಕೊಟ್ಟಿಗೆಯಲ್ಲಿ ಕಂಬಕ್ಕೆ ಕಟ್ಟಿದ, ಬೇವಿನ ಬರಲಿನಿಂದ ಹೊಡೆದ. ಅಲ್ಲೇ ಜ್ವರ ಬಂದು ಸತ್ತಳು. ಜ್ವರದಿಂದ ಸತ್ತಳು ಎಂದು ಎಲ್ಲರೂ ನಂಬಿದರು. ಆ ಮನುಷ್ಯ ಪ್ರತಿ ಭಾನುವಾರ ಚರ್ಚಿನ ಪೂಜೆಗೆ ಬಂದು ಮುಂದಿನ ಬೆಂಚಿನಲ್ಲಿ ಕೂಡುತ್ತಿದ್ದ, ಎಲ್ಲರಿಗೂ ಬೇಕಾದವನಾಗಿದ್ದ. ಸಿಸ್ಟರ್ ಇದನ್ನು ಹೇಳುವಾಗ ಅಳಲಿಲ್ಲ. ಜಪಮಾಲೆಯ ಮಣಿಯೊಂದನ್ನು ಹಿಂಡುತ್ತಿದ್ದರು.

"ಗುರುಗಳು ಏನಂತಾರ್ರಿ?" ಎಂದು ಕೇಳಿದೆ.

"ಕ್ಷಮಿಸೂ ಮನಸು ಕೊಡು ಅಂತ ಬೇಡ್ಕೋ ಅಂತಾರ. ಹಂಗ ಬೇಡ್ಕೊಳ್ಳಾಕೂ ಮನಸು ಬರವಲ್ದು. ಅದಕ್ಕ ನಾ, ಬೇಡ್ಕೊಳ್ಳೂ ಮನಸಾದ್ರೂ ಕೊಡಪ್ಪಾ ಅಂತ ಬೇಡ್ಕೋತೀನಿ. ಅಲ್ಲೀತನಕ ಬಂದೀನಿ. ಮುಂದ ಹೋಗಿಲ್ಲ."

ಅಂಜಿಕೆಯಿಂದ ಬಂದ ಯಾವ ಹೆಂಗಸಿಗೂ ಅವರು 'ಕ್ಷಮಿಸಿಬಿಡು' ಎಂದು ಹೇಳಿದ್ದನ್ನು ನಾನು ಕೇಳಲಿಲ್ಲ. ಬಾಯಿಮಾತಿನ ಕ್ಷಮೆ ಹೊಟ್ಟೆಯಲ್ಲಿ ಕೊಳೆಯುತ್ತದೆ, ಆಮೇಲೆ ಅದೇ ಎದೆಗೇರುತ್ತದೆ ಎನ್ನುತ್ತಿದ್ದರು. ನನಗೆ ಶಾಂತಿ ಸಿಕ್ಕಿದ್ದು ಹಾಗೆ. ಒಳಗೆ ಸಿಟ್ಟಿದೆ, ಅದು ನನ್ನದು, ಅದಕ್ಕೆ ಕಾರಣವಿದೆ, ಅದನ್ನು ಹೊತ್ತುಕೊಂಡೂ ಸಂತೆಗೆ ಹೋಗಿಬರಬಹುದು ಎಂದು ಗೊತ್ತಾದ ಮೇಲೆ ಎದೆ ಮೆಲ್ಲಗೆ ತನ್ನ ಕೆಲಸಕ್ಕೆ ಮರಳಿತು. ನಾನು ಹೊಲಿಗೆ ಕಲಿತು ಗಂಗಾವತಿಯಲ್ಲಿ ಸೀರೆಗೆ ಫಾಲ್-ಪಿಕೋ ಹಾಕುವ ಅಂಗಡಿ ಇಟ್ಟೆ.

ವಯಸ್ಸಾದ ಮೇಲೆ ಸಿಸ್ಟರನ್ನು ಬಳ್ಳಾರಿ ಕಡೆಯ ಒಂದು ಮನೆಗೆ, ಮುದುಕಿಯರಾದ ಸಿಸ್ಟರುಗಳು ಇರುವಲ್ಲಿಗೆ, ಕರೆಸಿಕೊಂಡರು. ಚರ್ಚಿನ ಹಿಂದಿನ ಕೋಣೆಗೆ ಬೀಗ ಬಿತ್ತು. ಅಲ್ಲಿಗೆ ಬಂದ ಹೆಂಗಸರಿಗೆ ಅಂಗಳ ಗುಡಿಸುವ ಮುದುಕ ನನ್ನ ಅಂಗಡಿ ತೋರಿಸತೊಡಗಿದ. ನಾನು ಓದಿದವಳಲ್ಲ. ಡಾಕ್ಟರ ಹತ್ತಿರ ಕಳಿಸುತ್ತಿದ್ದೆ, ಸಿಸ್ಟರಿಂದ ಕಲಿತದ್ದರಲ್ಲಿ ನಾಲ್ಕಾಣೆ ಹೇಳುತ್ತಿದ್ದೆ, ಉಳಿದಂತೆ ಸೀರೆ ಹೊಲಿಯುತ್ತ ಕೇಳಿಸಿಕೊಳ್ಳುತ್ತಿದ್ದೆ.

ದೀಪಾವಳಿ ಹತ್ತಿರ ಬಂದ ಒಂದು ಮಧ್ಯಾಹ್ನ. ಅಂಗಡಿ ತುಂಬ ಹೆಂಗಸರು. ಬಾಗಿಲಲ್ಲಿ ಒಬ್ಬಳು ಮುದುಕಿಯೊಬ್ಬಳನ್ನು ತೋಳು ಹಿಡಿದು ನಿಲ್ಲಿಸಿಕೊಂಡಿದ್ದಳು. "ಸಿಸ್ಟರ್ ಕಡೆ ಕಲ್ತಾವ್ರು ನೀವ ಏನ್ರಿ?" ಎಂದು ಕೇಳಿ, ನನ್ನ ಮುಖ ನೋಡಿ, ಹಾಗೇ ನಿಂತುಬಿಟ್ಟಳು. ನನ್ನ ನಾದಿನಿ. ಮುದುಕಿ ನನ್ನ ಅತ್ತೆ.

ಅರ್ಧಕ್ಕರ್ಧ ಇಳಿದುಹೋಗಿದ್ದರು. ಬಾಗಿಲ ಚೌಕಟ್ಟು ಹಿಡಿದ ಕೈ ನಡುಗುತ್ತಿತ್ತು, ಮೂಗಿನ ಮೇಲೆ ಬೆವರು, ಉಸಿರು ಮೇಲೆ ಮೇಲೆ. ಅದು ಏನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನು ಮಷೀನು ನಿಲ್ಲಿಸಿದೆ. ಎದ್ದು ಹೋಗಿ ಕೈ ಹಿಡಿಯಬಹುದಿತ್ತು. ಹಿಡಿಯಲಿಲ್ಲ.

"ಏನಾಗೈತ್ರಿ?" ಎಂದು ಕೂತಲ್ಲಿಂದಲೇ ಕೇಳಿದೆ.

"ಎದಿ... ಎದಿ ಹೊಡಕೊಳ್ಳಾಕತ್ತೈತಿ ಯವ್ವಾ. ಸಾಯ್ತೀನಿ ಅನಸ್ತೈತಿ. ನಿಮ್ಮ ಮಾವಾರು ಹ್ವಾದಾಗಿಂದ ಹಿಂಗ ಆಗಾಕತ್ತೈತಿ."

ಅಂಗಡಿಯ ಹೆಂಗಸರೆಲ್ಲ ಕೇಳುವ ಹಾಗೆ ದನಿ ಎತ್ತಿದೆ. "ಹುಚ್ಚು ಹಿಡದೈತೇನ್ರಿ ನಿಮಗ?"

"ಇಲ್ಲ! ಹುಚ್ಚಲ್ಲವ್ವಾ ಇದು. ದೇವರಾಣಿ ಹುಚ್ಚಲ್ಲ."

"ಹಂಗಾದ್ರ ನನಗೇನಾಗಿತ್ತು?"

ಅತ್ತೆ ಆ ಹೆಂಗಸರನ್ನೆಲ್ಲ ಒಂದು ಸಲ ನೋಡಿದರು, ಮಗಳನ್ನು ನೋಡಿದರು. ಉಸಿರು ಸಿಗುತ್ತಿರಲಿಲ್ಲ. ನಾನು ಬಿಡಲಿಲ್ಲ, ಕಾದೆ.

"ಇದ ಆಗಿತ್ತು" ಅಂದರು. "ನಿನಗೂ ಇದ ಆಗಿತ್ತು. ನೀ ಹುಚ್ಚಿ ಅಲ್ಲ."

ಸಿಹಿಯಾಗಿತ್ತು. ಇಲ್ಲ ಎಂದರೆ ಸುಳ್ಳಾಗುತ್ತದೆ. ಇಷ್ಟು ವರ್ಷ ಕಾದದ್ದಕ್ಕೆ ತಕ್ಕ ಸಿಹಿ. ಆಮೇಲೆ ಎದ್ದು ಹೋಗಿ ಅವರನ್ನು ಕೂಡಿಸಿದೆ. "ನಾ ನಿಮ್ಮನ್ನ ಕ್ಷಮಿಸಿಲ್ರಿ ಅತ್ತಿ" ಎಂದು ಅವರ ಕಣ್ಣು ನೋಡಿ ಹೇಳಿದೆ. "ಈಗ ಉಸಿರು ಮೆಲ್ಲಕ ಹೊರಗ ಬಿಡ್ರಿ. ಒಳಗ ಜಗ್ಗಬ್ಯಾಡ್ರಿ. ಸಾಯಂಗಿಲ್ಲ ನೀವು. ನಾ ಸತ್ತಿಲ್ಲ, ನೋಡ್ರಿ." ಅವರು ನನ್ನ ಮುಂಗೈ ಹಿಡಿದುಕೊಂಡು, ನಾನು ಹೇಳಿದ ಹಾಗೆ ಉಸಿರು ಬಿಟ್ಟರು. ಎದೆಯ ಹೊಡೆತ ಇಳಿದ ಮೇಲೆ ನೀರು ಕೊಟ್ಟೆ. ಹೊಸಪೇಟೆಯ ಡಾಕ್ಟರ ವಿಳಾಸ ಹೇಳಿದೆ. ಮುಂದಿನ ವಾರ ಮತ್ತೆ ಬರಲೇನು ಎಂದು ಕೇಳಿದರು. ಬರ್ರಿ ಅಂದೆ.

ಸಂಜೆ ಸಿಸ್ಟರಿಗೆ ಫೋನು ಮಾಡಿದೆ. ಕಿವಿ ಮಂದವಾಗಿತ್ತು, ಎಲ್ಲವನ್ನೂ ಕೂಗಿ ಹೇಳಬೇಕಾಯಿತು. ಕೆಲವನ್ನು ಎರಡೆರಡು ಸಲ ಹೇಳಿಸಿಕೊಂಡರು, ಕೇಳಿಸದೆಯೋ ರುಚಿಗೋ ತಿಳಿಯದು.

"ಮೊದ್ಲ ಬಾಯಿ ಬಿಡಿಸಿ, ಆಮ್ಯಾಲ ನೀರು ಕೊಟ್ಟೇನು?"

"ಹೌದ್ರಿ ಸಿಸ್ಟರ್." ಬೈಯುತ್ತಾರೆಂದು ಕಾದೆ.

ಬೈಯಲಿಲ್ಲ.

"ಅಕಿ ನಿನ್ನ ಬಾಗಲಕ್ಕ ಬಂದ್ಲು ನೋಡು" ಅಂದರು. "ನನ್ನ ಬಾಗಲಕ್ಕ ಅಂವ, ನನ್ನ ತಂಗಿ ಗಂಡ, ಬರಲೇ ಇಲ್ಲ. ಅಂಜಿಕಿ ಒಂದಿಲ್ಲೊಂದಿನ ಎಲ್ಲಾರಿಗೂ ಹತ್ತತೈತಿ, ಅಂವಗೂ ಹತ್ತತೈತಿ, ಬಂದ ಬರತಾನ ಅಂತ ಇಷ್ಟ ವರ್ಷ ಆ ಕೋಣಿ ತಗದ ಕುಂತಿದ್ದೆ. ಹೋದ ವರ್ಷ ಸತ್ತನಂತ. ನಿದ್ದಿಯೊಳಗ."

"ಬಂದಿದ್ರ ಏನ ಮಾಡತಿದ್ರಿ ಸಿಸ್ಟರ್?" ಎಂದು ಕೇಳಿದೆ.

"ನೀರು ಕೊಡತಿದ್ದೆ" ಅಂದರು.

ನಾನು ಕಣ್ಣೊರೆಸಿಕೊಳ್ಳುತ್ತಿದ್ದೆ. ಆ ಕಡೆಯಿಂದ ಮತ್ತೆ ದನಿ ಬಂತು.

"ಎರಡ ಬಾರಿಸಿದ ಮ್ಯಾಲ."